ಶಾರದಕ್ಕನಿಗೆ ಹೇಳಿಕೊಟ್ಟ ಇಂಗ್ಲಿಷ್

ಮೊನ್ನೆ ಮೊಮ್ಮಗಳು ಫೋನಿನಲ್ಲಿ ವಿಡಿಯೊ ನೋಡುತ್ತಿದ್ದಳು. ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವುದು ಹೇಗೆಂದು ಕೋಟು ತೊಟ್ಟವನೊಬ್ಬ ಕಲಿಸುತ್ತಿದ್ದ. ನಡುವೆ ಅವನು ನಕ್ಕ. ನನಗೆ ಸಾಗರ ಪೇಟೆಯ ಒಂದು ಆಫೀಸಿನ ಹಳೇ ನಗು ಕೇಳಿಸಿತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಎಪ್ಪತ್ತರ ದಶಕದ ಕೊನೆಗೆ ನಾನು ದೊಡ್ಡ ಜಂಬಗಾರ. ತೀರ್ಥಹಳ್ಳಿಯಲ್ಲಿ ಕಾಲೇಜು. ವಾರಕ್ಕೊಮ್ಮೆ ಹೊಸನಗರದ ಮನೆಗೆ ಬರುವಾಗ ರದ್ದಿ ಅಂಗಡಿಯ ಹಳೇ ಇಂಗ್ಲಿಷ್ ಪತ್ರಿಕೆಯೊಂದು ಕಂಕುಳಲ್ಲಿ ಇರಲೇಬೇಕು, ಹೆಸರು ಹೊರಗೆ ಕಾಣುವ ಹಾಗೆ. ಗಟ್ಟಿಯಾಗಿ ಓದಲು ಬರುತ್ತಿತ್ತು. ಅರ್ಥ ಕಾಲು ಭಾಗವೂ ಆಗುತ್ತಿರಲಿಲ್ಲ.

ಇದನ್ನೆಲ್ಲ ನಂಬಿದವಳು ಪಕ್ಕದ ಮನೆಯ ಶಾರದಕ್ಕ. ರವಿಕೆ ಹೊಲಿಯುತ್ತಲೇ ಟೈಪಿಂಗ್ ಪಾಸು ಮಾಡಿದ್ದಳು. "ಮಿಷನ್ ತುಳಿದು ತುಳಿದು ಕಾಲು ಸೋತೋಯ್ತು ತಮ್ಮಾ. ತಿಂಗಳ ಸಂಬಳದ್ದೊಂದು ಕೆಲ್ಸ ಸಿಕ್ರೆ ಸಾಕಿತ್ತು" ಅನ್ನುತ್ತಿದ್ದಳು. ಸಾಗರದ ಒಂದು ಆಫೀಸಿನಿಂದ ಇಂಟರ್‌ವ್ಯೂ ಕಾಗದ ಬಂತು. ನನ್ನ ಪತ್ರಿಕೆಯಲ್ಲೂ ಇಂಟರ್‌ವ್ಯೂ ಬಗ್ಗೆಯೇ ಒಂದು ಲೇಖನವಿತ್ತು. ಓದಿ ಹೇಳಿದೆ. ಕೈಲಿದ್ದ ಸೂಜಿಯನ್ನು ಹಾಗೇ ಹಿಡಿದು ಕೇಳಿದಳು.

"ಎಂತ ಹೇಳ್ತಾರೆ ಅದ್ರಲ್ಲಿ?"

ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. "ಏನು ಕೇಳಿದ್ರೂ ಎಸ್ ಸರ್ ಅನ್ಬೇಕಂತೆ. ಈಗಿನ ಕಾಲದ ಆಫೀಸೇ ಹಾಗಂತೆ" ಎಂದೆ. ಅದರಲ್ಲಿ ಹಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಗುರುವಿನ ಗತ್ತಿನಲ್ಲಿ ನಾನೂ ಜತೆಗೆ ಸಾಗರಕ್ಕೆ ಹೋದೆ. ಹೊರಗಿನ ಬೆಂಚಿಗೆ ಒಳಗಿನದೆಲ್ಲ ಕೇಳುತ್ತಿತ್ತು. ಟೈಪಿಂಗ್ ಬರುತ್ತಾ? ಎಸ್ ಸರ್. ಬಾರದ ಶಾರ್ಟ್‌ಹ್ಯಾಂಡಿಗೂ ಎಸ್ ಸರ್. ಕೊನೆಗೆ ಯಾರೋ ನನಗೂ ತಿಳಿಯುವಂಥ ಇಂಗ್ಲಿಷಿನಲ್ಲಿ, ಹಾಗಾದರೆ ನಿಮಗೆ ಕೆಲಸ ಕೊಡುವುದು ಬೇಡವಲ್ಲ ಎಂದು ಕೇಳಿದರು. ಎಸ್ ಸರ್. ಒಳಗೆ ನಗುವೋ ನಗು. ಎದ್ದು ಹೋಗಿ ತಪ್ಪು ನನ್ನದು ಅನ್ನಬೇಕಿತ್ತು. ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡೆ.

ವಾಪಸು ಬಸ್ಸು ಬಟ್ಟೆಮಲ್ಲಪ್ಪ ಊರು ದಾಟುವಾಗ ಅವಳು ನನ್ನ ಕಡೆ ತಿರುಗಿದಳು.

"ಅದ್ರಲ್ಲಿ ಹಾಗೇ ಇತ್ತಲ್ಲ ತಮ್ಮಾ?"

"ಹೌದು ಶಾರದಕ್ಕ."

"ಹಾಗಾರೆ ಅವ್ರೇ ಓದಿಲ್ಲ ಬಿಡು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಮತ್ತೆ ಮಿಷನ್ನಿನ ಸದ್ದು. ಅವಳು ಇರುವ ತನಕ ಅದನ್ನು ತುಳಿದಳು, ನಾನು ನಿಜ ಹೇಳಲಿಲ್ಲ. ಊರ ತುಂಬ ನನ್ನ ಇಂಗ್ಲಿಷನ್ನು ಹೊಗಳಿದವಳೂ ಅವಳೇ. ನೆನೆದರೆ ಇವತ್ತಿಗೂ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ.

"ಅಜ್ಜಾ, ಇವ್ನು ಈಗ ಹೇಳಿದ್ದು ಎಂತ?" ಮೊಮ್ಮಗಳು ಫೋನು ಮುಂದೆ ಹಿಡಿದಳು. ಹಳೇ ಚಾಳಿ, ಬಾಯಿಗೆ ಏನೋ ಒಂದು ಉತ್ತರ ಬಂದೇ ಬಂತು. ನುಂಗಿಕೊಂಡೆ.

"ನಂಗೆ ಗೊತ್ತಿಲ್ಲ ಪುಟ್ಟಿ."

"ಸರಿ, ಬೇರೆ ಯಾರನ್ನಾದ್ರೂ ಕೇಳ್ತೀನಿ" ಎಂದು ಎದ್ದು ಹೋದಳು.

ಅವತ್ತು ನಾನು ಗೊತ್ತಿಲ್ಲ ಅಂದಿದ್ದರೆ ಶಾರದಕ್ಕನೂ ಅಷ್ಟೇ ಮಾಡುತ್ತಿದ್ದಳು.