ಹೊಗೆಕೊಳವೆಯ ಬೀಗ

ಕೊಪ್ಪದ ಕೆರೆಯಲ್ಲಿ ಮಿಂದು ಬರುವಷ್ಟರಲ್ಲಿ ಯಾರೋ ಒಬ್ಬ ನನ್ನ ಲಾರಿಯ ಮುಂದೆ ನಿಂತು, ಎಂಜಿನ್ನು ಚಾಲೂ ಮಾಡಲು ಹ್ಯಾಂಡಲ್ ತಿರುಗಿಸುತ್ತಿದ್ದ. "ಬುಡ್ಲಾ, ಕಳ್ಳ!" ಎಂದು ಕೂಗಿ ರಟ್ಟೆ ಹಿಡಿದೆ.

ಅದು ಪೆಟ್ರೋಲಿಗೆ ತತ್ವಾರದ ಯುದ್ಧಕಾಲ. ಲಾರಿಯನ್ನೇ ಕದಿಯುತ್ತಾರೆಂದು ಮದ್ದೂರಿನ ಕುಲುಮೆ ಸಾಬರಿಂದ ಹೊಗೆಕೊಳವೆಯ ಬಾಯಿಗೆ ಕಬ್ಬಿಣದ ಬೀಗ ಮಾಡಿಸಿದ್ದೆ. ಹೊಗೆ ಹೊರಬೀಳದಿದ್ದರೆ ಎಂಜಿನ್ನು ಓಡುವುದಿಲ್ಲ. ಬೀಗದ ಕೈ ಸದಾ ನನ್ನ ಉಡಿದಾರದಲ್ಲಿ, ಯಾರಿಗೂ ಕೊಟ್ಟವನಲ್ಲ.

ಅವನು ಕೊಸರಾಡಲಿಲ್ಲ. "ಕಳ್ಳ ಅಂತಾನೇ ಅನ್ನಣ್ಣ. ಪಟಾಲಮ್ಮಲ್ಲಿ ಲಾರಿ ಓಡ್ಸೋನು ನಾನು, ರಜಕ್ಕೆ ಬಂದಿವ್ನಿ. ನನ್ ತಮ್ಮನ ಕೈ ಆಲೆಮನೆ ಗಾಣಕ್ಕೆ ಸಿಕ್ತು. ಆಗ್ಲಿಂದ ತಿರುವ್ತಾವ್ನಿ, ಇದು ಕೆಮ್ಮಿ ಕೆಮ್ಮಿ ನಿಂತೋಯ್ತದೆ ಕಣಣ್ಣ!"

ಲಾರಿಯ ಹಿಂದುಗಡೆ ಬೆಲ್ಲದ ಮೂಟೆಗಳ ಮೇಲೆ ಅವನ ತಮ್ಮ ಮಲಗಿದ್ದ. ಕೈಗೆ ಸುತ್ತಿದ ಪಂಚೆ ಪೂರಾ ಕೆಂಪಾಗಿತ್ತು. ಒದ್ದೆ ಬಟ್ಟೆಯಲ್ಲೇ ಬೀಗ ತೆಗೆದು ಮಂಡ್ಯದ ಆಸ್ಪತ್ರೆಗೆ ಓಡಿಸಿದೆ. ಜೀವ ಉಳಿಯಿತು, ಕೈ ಉಳಿಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ.

ಬೀಗವನ್ನು ಈಗಲೂ ಹಾಕುತ್ತೇನೆ. ಬೆವರು ಸುರಿಸಿ ಕೊಂಡ ಲಾರಿ. ಆದರೆ ಬೀಗದ ಕೈ ಉಡಿದಾರದಲ್ಲಿಲ್ಲ. ಲಾರಿ ನಿಂತ ಊರಿನಲ್ಲಿ ಹತ್ತಿರದ ಮನೆಯವರ ಕೈಗೆ ಕೊಟ್ಟು, "ಯಾರಿಗಾರ ಜೀವಕ್ಕೆ ಬಂದ್ರೆ ತಗ್ದ್‌ಕೊಡಿ" ಎಂದು ಹೇಳಿಯೇ ಮೀಯಲು ಹೋಗುತ್ತೇನೆ.