ಭಾವ ಸುಡದೆ ಬಿಟ್ಟ ಊರುಗಳು

ಭಾವನ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನಿಗೆ ಸಿಕ್ಕಿ ಹೋಗಿತ್ತು. ಉಳಿದ ಮೋಟಿನ ಮೇಲೆ ಉಗುರು ಅನ್ನುವುದು ಒಂದು ಪಕ್ಕಕ್ಕೆ ಕಾಳುಮೆಣಸಿನಷ್ಟು ಗಂಟಾಗಿ ಕೂತಿತ್ತು. ಅದಕ್ಕೇ ಅವರು ಕಂಪ್ಯೂಟರಿನ ಮೌಸನ್ನು ನಡುಬೆರಳಲ್ಲಿ ಒತ್ತುತ್ತಿದ್ದರು. ಒತ್ತುವಾಗ ಆ ಮೋಟುಬೆರಳು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು, ಯಾರಿಗೋ ‘ತಡಿ’ ಅನ್ನುವ ಹಾಗೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ. ಯಸಳೂರು ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಯಾರು ಯಾವ ತಾಕಿಗೆ ಹೋಗಬೇಕು ಅಂತ ಹಂಚುವುದು. ಮಕ್ಕಳಾಗಲಿಲ್ಲ. ಅಕ್ಕ ತೀರಿಕೊಂಡಳು, ಕೆಲಸವೂ ಮುಗಿಯಿತು, ಆಮೇಲೆ ಪಾಳ್ಯದ ಹತ್ತಿರ ನಮ್ಮ ಮನೆಗೆ ಬಂದರು. ನಾನೇ ಕರೆದೆ. ಕರೆಯದೆ ಬರುವ ಜನ ಅಲ್ಲ. ತಂದದ್ದು ಒಂದು ಟ್ರಂಕು, ಅಕ್ಕನ ಹಾಲಿನ ಪಾತ್ರೆ, ಒಂದು ಕಂಪ್ಯೂಟರು. ಎಸ್ಟೇಟಿನ ಆಫೀಸಿಗೆ ಹೊಸದು ತಂದಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದರಂತೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಮ್ಮ ಕಡೆ ಅದೇ ಮೊದಲು. ಅಕ್ಕಪಕ್ಕದವರು ನೋಡೋಕೆ ಬಂದು, ಇದರಲ್ಲಿ ಧಾರಾವಾಹಿ ಬರಲ್ಲ ಅಂತ ಗೊತ್ತಾದ ಮೇಲೆ ಎದ್ದು ಹೋದರು.

ಅದರೊಳಗೆ ಒಂದು ಆಟ ಇತ್ತು. ಸಕಲೇಶಪುರದ ರಿಪೇರಿಯವನು ಹಾಕಿಕೊಟ್ಟದ್ದು. ನಾನು ಓದಿದ್ದು ಮೂರನೇ ಕ್ಲಾಸು, ಇಂಗ್ಲಿಷ್ ಬರಲ್ಲ. ಆದರೂ ಮಧ್ಯಾಹ್ನ ಮೆಣಸು ಕೇರಿಕೊಂಡು ಪಕ್ಕದಲ್ಲಿ ಕೂತು ನೋಡಿ ನೋಡಿ ನನಗೂ ತಿಳಿಯಿತು. ಮೊದಲು ಪ್ರಪಂಚವೆಲ್ಲ ಕತ್ತಲು. ನಡುವೆ ಒಂದಿಷ್ಟು ಹಸಿರು, ಅಲ್ಲಿ ನಮ್ಮದೊಂದು ಕುಟುಂಬ. ಅವರನ್ನು ನಡೆಸಿ ಎಲ್ಲಾದರೂ ಊರು ಕಟ್ಟಬೇಕು. ಗದ್ದೆ ಮಾಡಬೇಕು, ರಸ್ತೆ ಹಾಕಬೇಕು, ಕೋಟೆ ಎಬ್ಬಿಸಬೇಕು. ನಮ್ಮ ಸರದಿ ಮುಗಿದರೆ ಬೇರೆ ರಾಜರ ಸರದಿ. ಒಂದೊಂದು ಸುತ್ತಿಗೆ ವರ್ಷಗಳು ಉರುಳುತ್ತವೆ. ಬಿಲ್ಲಿನವರು ಹೋಗಿ ಕುದುರೆಯವರು ಬರುತ್ತಾರೆ, ಆಮೇಲೆ ಬಂದೂಕು, ಫಿರಂಗಿ. ಕೊನೇ ವರ್ಷ ಅಂತ ಒಂದು ಐತೆ, ಅಲ್ಲಿಗೆ ಆಟ ಮುಗಿಯಿತು. ಅಷ್ಟರೊಳಗೆ ಬೇರೆಯವರ ಊರು ಗೆದ್ದುಕೊಂಡು ದೊಡ್ಡವರಾಗಬೇಕು.

ಭಾವ ಆಡುವ ರೀತಿಯೇ ಬೇರೆ. ಊರು ಕಟ್ಟುವ ಮುಂಚೆ ಒಳಗೆ ಕೂಗುವರು: “ಏ ಹುಡ್ಗಿ, ಹಾಲು ಇಡೇ!”

ನನಗೆ ಅರವತ್ತರ ಹತ್ತಿರ, ಮೊಮ್ಮಕ್ಕಳಿದ್ದವು. ಆದರೂ ಅವರಿಗೆ ನಾನು ಹುಡುಗಿಯೇ. ಹೊಸ ಮನೆಗೆ ಹೋದರೆ ಮೊದಲು ಹಾಲು ಉಕ್ಕಿಸುತ್ತೀವಲ್ಲ, ಹಾಗೆ ಅಕ್ಕನ ಪಾತ್ರೆಯಲ್ಲಿ ಹಾಲು ಉಕ್ಕಬೇಕು. ನಾನು ಒಲೆ ಮುಂದಿನಿಂದ “ಉಕ್ತು!” ಅನ್ನಬೇಕು. ಆಮೇಲೆ ಅವರು ಒತ್ತುತ್ತಿದ್ದರು.

“ಭಾವ, ಆ ಡಬ್ಬದೊಳಗಿನ ಊರಿಗೆ ನನ್ ಹಾಲು ಯಾಕ್ರೀ?”

“ಹಾಲುಕ್ಕದ ಜಾಗದಲ್ಲಿ ಯಾರಾದ್ರೂ ಬಾಳ್ತಾರೇನೇ?”

ಊರುಗಳಿಗೆ ಹೆಸರು ಅವರೇ ಇಡುತ್ತಿದ್ದರು. ಒಳ್ಳೇ ಗದ್ದೆ ಇದ್ದರೆ ಪಾಳ್ಯ. ಕಾಡಿನ ಮಗ್ಗುಲಿಗಿದ್ದರೆ ಯಸಳೂರು. ಬೆಟ್ಟದ ಸಾಲಿನಲ್ಲಿ ಒಂದೇ ಕಿಂಡಿ ಸಿಕ್ಕಿದರೆ ಅಲ್ಲಿ ಕೋಟೆ ಕಟ್ಟಿ ಮಾರನಹಳ್ಳಿ. “ಘಾಟಿ ಬಾಯಿ ಹಿಡಿದ್ರೆ ಸಾಕು, ಮಂಗಳೂರು ಕಡೆಯಿಂದ ಒಬ್ಬ ಹತ್ತಿ ಬರಲಿ ನೋಡೋಣ” ಅನ್ನುವರು. ನಿಜಕ್ಕೂ ಶತ್ರುಗಳ ಸೈನ್ಯ ಅಲ್ಲಿ ಬಂದು, ರಸ್ತೆ ಬಂದಾದಾಗ ಲಾರಿ ನಿಂತ ಹಾಗೆ ಸಾಲಾಗಿ ನಿಲ್ಲುತ್ತಿತ್ತು. ರಸ್ತೆ ಹಾಕದೆ ಸೈನ್ಯ ಕಳಿಸುತ್ತಿರಲಿಲ್ಲ. “ದಾರಿ ಇಲ್ದೆ ಆಳು ಕಳ್ಸೋನು ರೈಟರ್ರೇ ಅಲ್ಲ.”

ನಮ್ಮ ಯಜಮಾನರು ಗದ್ದೆಯಿಂದ ಬಂದು ಕಾಲು ತೊಳೆಯುತ್ತಾ ಕೆಣಕುತ್ತಿದ್ದರು. “ಏನಣ್ಣ, ಇವತ್ತು ಯಾವ ರಾಜ್ಯ ಬಿತ್ತು? ನಮ್ ಗೆಣಸಿನ ಪಾತಿಗೆ ಹಂದಿ ನುಗ್ಗೈತೆ, ವಸಿ ಅದನ್ನೂ ಗೆದ್ದುಕೊಡು ಮಾರಾಯ!”

“ಹಂದಿಗೆ ಸರದಿ ಇಲ್ಲ ಕಣೋ. ಅದರ ಜೊತೆ ನಾನು ಆಡಲ್ಲ.”

ಆದರೆ ಮೊದಲ ಊರು, ರಾಜಧಾನಿ, ಅದನ್ನು ಮಾತ್ರ ಯಾವಾಗಲೂ ಹೊಳೆ ದಂಡೆಯಲ್ಲೇ ಕಟ್ಟುತ್ತಿದ್ದರು. ಅದಕ್ಕೆ ಒಂದೇ ಹೆಸರು, ಅವರು ಹುಟ್ಟಿದ ಊರಿನದು. ಆ ಹೆಸರು ಇಲ್ಲಿ ಬರೆಯಲ್ಲ. ಬರೆದರೂ ಈಗ ಯಾವ ಬಸ್ಸೂ ಅಲ್ಲಿಗೆ ಹೋಗಲ್ಲ. ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಊರು ಅದು. ಹೊಳೆ ದಂಡೆ ತಗ್ಗು ಜಾಗ, ಆಟದಲ್ಲೂ ನಾಲ್ಕು ಕಡೆಯಿಂದ ಶತ್ರು ಬರುತ್ತಾನೆ. ದಿಣ್ಣೆ ಮೇಲೆ ಕಟ್ಟಿ ಅಂತ ಎಷ್ಟೋ ಸಲ ಹೇಳಿದೆ.

“ದಿಣ್ಣೆ ಮೇಲೆ ಕಟ್ಟಿದ್ರೆ ಅದು ಬೇರೆ ಊರು ಕಣೇ” ಅಂದರು. ಅಲ್ಲಿಗೆ ಮುಗಿಯಿತು.

ಆ ಊರನ್ನು ಒಂದೇ ಒಂದು ಸಲ ಕೊನೇ ವರ್ಷದವರೆಗೆ ಉಳಿಸಬೇಕು. ಅವರಿಗೆ ಬೇಕಾಗಿದ್ದು ಇಷ್ಟೇ. ಎಷ್ಟು ಆಟ ಆಡಿದರೂ ಉಳಿಯಲಿಲ್ಲ. ಯಾಕೆ ಉಳಿಯಲ್ಲ ಅಂತ ನನಗೆ ಒಂದು ಮಳೆಗಾಲದ ಮಧ್ಯಾಹ್ನ ಗೊತ್ತಾಯಿತು.

ಅವತ್ತು ಕೆಂಪು ಬಣ್ಣದ ರಾಜನ ಒಂದು ಊರನ್ನು ಭಾವ ಗೆದ್ದರು. ಗೆದ್ದ ತಕ್ಷಣ ಪರದೆ ಮೇಲೆ ಎರಡು ಸಾಲು ಬಂದವು.

“ಏನಂತೆ?” ಅಂದೆ.

“ಊರು ಇಟ್ಕೊಂತೀಯೋ, ಸುಟ್ಟು ನೆಲಸಮ ಮಾಡ್ತೀಯೋ ಅಂತ ಕೇಳ್ತೈತೆ. ಮೇಲಿನ ಸಾಲು ಇಟ್ಕೊಳ್ಳೋದು. ಕೆಳಗಿನದು ಸುಡೋದು.”

“ಸುಡಿ ಅತ್ಲಾಗೆ. ಅವರ ಜನ ನಮ್ಮ ಜೊತೆ ಇರ್ತಾರಾ?”

ಭಾವ ಮೇಲಿನ ಸಾಲನ್ನೇ ಒತ್ತಿದರು. ಕಾವಲಿಗೆ ಒಳ್ಳೊಳ್ಳೇ ಸೈನಿಕರನ್ನು ಅಲ್ಲಿಟ್ಟರು. ಎರಡು ಸುತ್ತು ಕಳೆಯಿತು, ಆ ಊರಿನವರು ತಿರುಗಿಬಿದ್ದು ತಮ್ಮ ಹಳೇ ರಾಜನ ಕಡೆಗೇ ಹೋಗ್ಬುಟ್ಟರು. ಒಳಗಿದ್ದ ನಮ್ಮ ಸೈನಿಕರೂ ಹೋದರು. ಕಾಯುವವರು ಕಡಿಮೆಯಾದರು ಅಂತ ಕೆಂಪಿನವನು ನೇರ ಹೊಳೆ ದಂಡೆಗೆ ಬಂದ. ಭಾವನ ಊರು ಬಿತ್ತು.

ನನಗೆ ಸಿಟ್ಟು ಬಂತು. “ಹೇಳ್ದೆ ತಾನೇ? ಪ್ರತೀ ಸಲ ಹಿಂಗೇ ಊರು ಕಳ್ಕೊಂತೀರಾ. ಒಂದು ಗುಂಡಿ ಒತ್ತೋಕೆ ಏನ್ ಬಂದಿತ್ತು ನಿಮಗೆ? ನಿಜವಾದ ಊರಾ ಅದು?”

ಭಾವ ಮೌಸಿನಿಂದ ಕೈ ತೆಗೆದರು. ನನ್ನ ಮೊರದಿಂದ ಒಂದು ಮೆಣಸಿನ ಕಾಳು ತೆಗೆದು ಬೆರಳಲ್ಲಿ ಉರುಳಿಸುತ್ತಾ ಕೂತರು.

“ನಮ್ಮೂರನ್ನ ನೀರು ಮುಳುಗಿಸ್ತು ಅಂತಾರೆ ಎಲ್ಲಾರೂ. ನೀರು ಬಂದಾಗ ಅಲ್ಲಿ ಮನೆಗಳು ಎಲ್ಲಿದ್ವೇ? ನಾವೇ ಕಿತ್ತಿದ್ವಲ್ಲ. ಹೆಂಚು ಬೇಕಿತ್ತು, ತೊಲೆ ಬೇಕಿತ್ತು, ಬಾಗ್ಲು ಬೇಕಿತ್ತು, ಹೋದ ಕಡೆ ಕಟ್ಕೊಳ್ಳೋಕೆ. ಹಾರೆ ಹಿಡಿದು ಗೋಡೆ ಕೆಡವಿದೋನು ನಾನೇ. ಹೊಸ್ತಿಲು ಕೀಳೋಕೆ ಹೋದೆ, ನಮ್ಮಪ್ಪ ಬಂದು ಅದರ ಮೇಲೆ ಕೂತ್ಬುಟ್ಟರು. ಎಳೆದ್ರೂ ಏಳಲಿಲ್ಲ. ನಿಮ್ಮಕ್ಕ ಬಂದು, ‘ಮಾವ, ಇದು ಇಲ್ಲೇ ಇರಲಿ, ಏಳಿ’ ಅಂದ್ಮೇಲೆ ಎದ್ದರು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಗಾಡಿ ಹತ್ತಿದ್ಲು. ಆ ಕೆಳಗಿನ ಸಾಲು ನಾನು ಆಗ್ಲೇ ಒಂದ್ಸಲ ಒತ್ತಿದೀನಿ ಕಣೇ ಹುಡ್ಗಿ. ಸಾಕು.”

ಅಕ್ಕ ಈ ವಿಷಯ ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಎದ್ದು ಹೋಗಿ ಕಾಫಿ ಮಾಡಿದೆ. ಇನ್ನೇನು ಮಾಡೋದು? ಅಲ್ಲಿಂದೀಚೆಗೆ ಸುಡಿ ಅಂತ ಹೇಳಲಿಲ್ಲ.

ಮಾರನೇ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಭಾವನಿಗೆ ಉಸಿರು ಸಾಲದಾಯಿತು. ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಎದೆಯಲ್ಲಿ ನೀರು ತುಂಬಿಕೊಂಡಿದೆ ಅಂದರು.

ಭಾವ ನಕ್ಕರು. “ಇಲ್ಲಿಗೂ ಬಂತಾ?”

ಡಾಕ್ಟರಿಗೆ ಅರ್ಥ ಆಗಲಿಲ್ಲ. ನಮ್ಮ ಯಜಮಾನರು ಹೊರಗೆ ಹೋಗಿ ಗೋಡೆ ಕಡೆ ತಿರುಗಿ ನಿಂತರು. ಎರಡು ಸಲ ನೀರು ತೆಗೆದರು, ಮತ್ತೆ ತುಂಬಿತು. ಮನೆಗೆ ಕರೆದುಕೊಂಡು ಹೋಗಿ ಅಂದರು.

ಆಗ ಒಂದು ಆಟ ನಡೆದಿತ್ತು, ಅದುವರೆಗಿನದರಲ್ಲೆಲ್ಲ ಒಳ್ಳೆಯದು. ಹೊಳೆ ದಂಡೆಯ ಊರು ಗಟ್ಟಿಯಾಗಿ ನಿಂತಿತ್ತು, ಕೊನೇ ವರ್ಷ ತೀರಾ ದೂರ ಇರಲಿಲ್ಲ. ಭಾವನಿಗೆ ಕೂರೋಕೆ ಆಗುತ್ತಿರಲಿಲ್ಲ. ಮಂಚವನ್ನೇ ಆ ಕೋಣೆಗೆ ತಂದು ಹಾಕಿದೆವು. ಮೌಸು ನನ್ನ ಕೈಗೆ ಬಂತು. ಅವರು ಹೇಳುವುದು, ನಾನು ಒತ್ತುವುದು.

ಮೊದಮೊದಲು ನನ್ನ ಕೈ ಎಲ್ಲೆಲ್ಲೋ ಹೋಗುತ್ತಿತ್ತು. ಫಿರಂಗಿಯನ್ನು ಒಂದು ಸಲ ಕಾಡಿಗೆ ಕಳಿಸಿಬಿಟ್ಟೆ. “ಸೌದೆಗೆ ಹೊರಟ್ಯೇನೇ?” ಅಂದರು ಭಾವ. ನಗೋಕೆ ಹೋಗಿ ಕೆಮ್ಮು ಹತ್ತಿ, ಬೆನ್ನು ನೀವಬೇಕಾಯಿತು.

ಒಂದು ದಿನ ಸಂಜೆಗೆ ಮುಂಚೆ ಹಳದಿ ರಾಜನ ರಾಜಧಾನಿ ನಮ್ಮ ಕೈಗೆ ಬಂತು. ದೊಡ್ಡ ಊರು. ಭಾವ ಕಣ್ಣು ಮುಚ್ಚಿದ್ದರು. ಪರದೆ ಮೇಲೆ ಎರಡು ಸಾಲು ಬಂದವು.

“ಏನ್ ಬಂತು?”

“ಎರಡು ಸಾಲು.”

ಅವರ ಮೋಟುಬೆರಳು ಹೊದಿಕೆಯಿಂದ ಹೊರಗೆ ಬಂದು ಮೇಲಕ್ಕೆ ನಿಂತಿತು. ಇದು ತಿರುಗಿ ಬೀಳುತ್ತದೆ ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಮೇಲಿನದನ್ನೇ ಒತ್ತಿದೆ.

ಮಾರನೇ ದಿನ ಅದು ತಿರುಗಿ ಬಿತ್ತು.

“ಹೋಯ್ತಾ?” ಅಂದರು.

“ಹೋಯ್ತು.”

“ನಮ್ಮೂರು?”

“ಐತೆ.”

“ಸರಿ” ಅಂದರು. ಗಂಜಿ ಬೇಡ ಅಂದರು. ಆಮೇಲೆ ಆಟದ ಮಾತು ಎತ್ತಲಿಲ್ಲ. ಕೆಲವು ದಿನ ಕಳೆದು ಒಂದು ಬೆಳಗ್ಗೆ ನಾನು ಕಾಫಿ ತಗೊಂಡು ಹೋದಾಗ ಜೀವ ಇರಲಿಲ್ಲ.

ಬೂದಿಯನ್ನು ಹಿನ್ನೀರಿಗೆ ಬಿಟ್ಟೆವು. ಊರು ಎಲ್ಲಿತ್ತು ಅಂತ ತೋರಿಸೋರು ಯಾರೂ ಇರಲಿಲ್ಲ. ತೆಪ್ಪದವನು “ಇಲ್ಲೇ ಎಲ್ಲೋ ಅವ್ವ” ಅಂದ. ಅಲ್ಲೇ ಬಿಟ್ಟೆವು.

ತಿಥಿ ಮುಗಿಸಿ ನೆಂಟರೆಲ್ಲ ಹೋದ ಮೇಲೆ ನಾನು ಹೋಗಿ ಕಂಪ್ಯೂಟರ್ ಹಾಕಿದೆ. ಆಟ ನಿಲ್ಲಿಸಿದ ಜಾಗದಲ್ಲೇ ಇತ್ತು. ಗೆದ್ದ ಊರುಗಳಲ್ಲಿದ್ದ ನಮ್ಮ ಸೈನಿಕರನ್ನೆಲ್ಲ ಒಬ್ಬೊಬ್ಬರಾಗಿ ವಾಪಸ್ ಕರೆಸಿ ಹೊಳೆ ದಂಡೆಯ ಊರಿನಲ್ಲಿ ತುಂಬಿದೆ. ಕಾವಲಿಲ್ಲದ ಊರುಗಳು ಒಂದೊಂದಾಗಿ ಅವರವರ ರಾಜರ ಕಡೆಗೆ ಹೋದವು. ಹೋಗಲಿ ಅಂತ ಬಿಟ್ಟೆ. ಯಾರ ಮೇಲೂ ಹೋಗಲಿಲ್ಲ. ಸರದಿ ಮುಗಿಸುವುದು ಒಂದೇ ಕೆಲಸ. ದಿನಾ ಮಧ್ಯಾಹ್ನ ಪಾತ್ರೆ ತೊಳೆದು ಬಂದು ಒತ್ತುತ್ತಿದ್ದೆ. ಹಳದಿಯವನು ಎರಡು ಸಲ ಬಂದ, ಎರಡು ಸಲವೂ ಕೋಟೆಗೆ ಬಡಿದು ವಾಪಸ್ ಹೋದ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡುವರು. ಕೆಣಕುತ್ತಿರಲಿಲ್ಲ. “ಐತಾ?” ಅನ್ನುವರು. “ಐತೆ” ಅನ್ನುತ್ತಿದ್ದೆ.

ಕೊನೇ ವರ್ಷ ಬಂತು. ಎಲ್ಲ ರಾಜರ ಮುಖಗಳೂ ಸಾಲಾಗಿ ಬಂದವು. ನಮ್ಮದು ಎಲ್ಲರಿಗಿಂತ ಕೆಳಗಿತ್ತು. ಸೋತೆವು ಅಂತ ಇಂಗ್ಲಿಷ್ ಬರದಿದ್ದರೂ ತಿಳಿಯಿತು. ಊರು ಮಾತ್ರ ಹೊಳೆ ದಂಡೆಯಲ್ಲಿ ನಮ್ಮ ಬಣ್ಣದಲ್ಲೇ ಇತ್ತು.

ಮತ್ತೆ ಆ ಆಟ ಶುರು ಮಾಡಲಿಲ್ಲ. ಕಂಪ್ಯೂಟರು ಕೆಟ್ಟು, ಹಳೇ ಸಾಮಾನಿನವನು ಒಯ್ದು ಬಹಳ ವರ್ಷ ಆಯಿತು. ಅಕ್ಕನ ಪಾತ್ರೆ ಐತೆ. ವಯಸ್ಸಾಯಿತು, ಗಮನ ಇರಲ್ಲ, ಹಾಲು ಆಗಾಗ ಉಕ್ಕಿ ಒಲೆಗೆ ಹೋಗುತ್ತದೆ. ಸೊಸೆ ಗೊಣಗುತ್ತಾಳೆ. ನಾನು “ಉಕ್ತು ಭಾವ, ಒತ್ರಿ” ಅಂದುಕೊಂಡು ಒಲೆ ಒರೆಸುತ್ತೀನಿ.