ಸೈನೈಡ್ ಗುಡ್ಡದ ಬಿಲ್ಲೆಗಳು

ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ಹತ್ತು ರೂಪಾಯಿ ಟಿಕೆಟ್ಟಿನಲ್ಲಿ ಕೋರಮಂಡಲ್ ತಲುಪಿದಾಗ ಬೆಳಗಿನ ಹತ್ತೂವರೆ. ಬಿಸ್ಕತ್ ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಯ ನಿಧಿಯಿಂದ ಇಲ್ಲಿನ ಗಣಿಮಣ್ಣಿನ ಗುಡ್ಡದ ಮೇಲೆ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಯ ಮೇಲೆ, ಗಿಡ ನೆಡಿಸಿತ್ತು. ಎಷ್ಟು ಬದುಕಿವೆ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಸತ್ತ ಗಿಡದ ನಂಬರ್ ಬಿಲ್ಲೆಯನ್ನು ಬಿಚ್ಚಿ ಆಫೀಸಿಗೆ ತರಬೇಕೆಂಬುದು ನಿಯಮ.

“ಬಿಸ್ಕತ್ ಕಾಡಿಗಾ?” ಆಟೋದವರು ನಕ್ಕರು. “ಅಲ್ಲಿ ಕಾಡೂ ಇಲ್ಲ, ಬಿಸ್ಕತ್ತೂ ಇಲ್ಲ ಮೇಡಂ. ಬೋರ್ಡ್ ಒಂದೈತೆ, ಕುಂತ್ಕಳಿ.”

ಗುಡ್ಡ ಹಿಟ್ಟಿನಂತೆ ಬೆಳ್ಳಗಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಸಾಲುಸಾಲಾಗಿ ಒಣಕಡ್ಡಿಗಳು, ಪ್ರತಿಯೊಂದರ ಬುಡದಲ್ಲೂ ಆಗಷ್ಟೇ ನೀರು ಹನಿಸಿದ ಒದ್ದೆ. ಉಗುರಿನಿಂದ ತೊಗಟೆ ಕೆರೆದು ನೋಡುತ್ತ ಹೋದೆ. ಎಲ್ಲೂ ಹಸಿರಿರಲಿಲ್ಲ. ಮೇಲಿನ ಸಾಲಿನಲ್ಲಿ ಬಿಂದಿಗೆ ಹಿಡಿದಿದ್ದವರು ಮುನಿಯಮ್ಮ, ನೀರು ಹಾಕಲು ಕಂಪನಿ ಇಟ್ಟುಕೊಂಡಿದ್ದ ಹಿರಿಯ ಹೆಂಗಸು.

“ಅಮ್ಮಾ, ಇವು ಸತ್ತು ಎಷ್ಟೋ ದಿನ ಆಗಿದೆ. ಯಾಕೆ ನೀರು ಹಾಕ್ತೀರಿ?”

“ಬಿಲ್ಲೆ ಇನ್ನೂ ಇಲ್ಲೇ ಐತಲ್ಲ ಮೇಡಂ.”

ಅವರ ತಂದೆ ನಂದಿದುರ್ಗ ಗಣಿಯಲ್ಲಿದ್ದರಂತೆ. ಕೆಳಗಿಳಿಯುವವರು ತಮ್ಮ ನಂಬರಿನ ಬಿಲ್ಲೆ ಒಯ್ದು, ಮೇಲೆ ಬಂದಾಗ ಆಫೀಸಿನ ಹಲಗೆಗೆ ತೂಗುಹಾಕುತ್ತಿದ್ದರು. ತಂದೆಯ ಬಿಲ್ಲೆ ಒಂದು ದಿನ ಮರಳಲಿಲ್ಲ.

“ಬಿಲ್ಲೆ ಆಪೀಸಿಗೆ ಓಗ್ಬೇಕಂದ್ರೆ ಆಳು ಮೇಲಕ್ಕೆ ಬರ್ಬೇಕು. ಇವ್ರು ಯಾರೂ ಇನ್ನೂ ಬಂದಿಲ್ಲ,” ಎಂದು ಕಡ್ಡಿಗಳ ಸಾಲಿನತ್ತ ಕೈ ತೋರಿದರು.

ಎಲ್ಲ ಸತ್ತಿವೆಯೆಂದು ಬರೆದರೆ ಅವರ ಕೆಲಸ ಹೋಗಬಹುದೆಂದು ಹೇಳಿದೆ.

“ಕೆಲ್ಸ ಓದ್ರೆ ಓಗ್ಲಿ, ಕೂಲಿ ಎಲ್ಲಾದ್ರೂ ಸಿಕ್ತೈತೆ. ಇವ್ರಿಗೆ ನೀರು ಯಾರು ಕೊಡ್ತಾರೆ? ಬಿಲ್ಲೆ ಬಿಚ್ಚೋದಾದ್ರೆ ಬಿಚ್ಚಿ. ಮೊದ್ಲು ನಂಬರ್ ಕೂಗಿ. ಓ ಅಂದ್ರೆ ಬಿಟ್ಬಿಡಿ.”

ಗಟ್ಟಿಯಾಗಿ ಕೂಗಿ ನನಗೆ ಅಭ್ಯಾಸವಿಲ್ಲ. ಎದುರಿನ ಕಡ್ಡಿಗೆ ಬಿಲ್ಲೆ ಕಟ್ಟಿದ್ದ ತಂತಿ ಹಿಡಿದುಕೊಂಡು, “ನೂರ ನಲವತ್ತೆರಡು” ಎಂದೆ.

“ಅಷ್ಟು ಮೆತ್ತಗೆ ಕೂಗಿದ್ರೆ ನನ್ಗೇ ಕೇಳಲ್ಲ, ಅಷ್ಟು ಆಳಕ್ಕೆ ಕೇಳ್ತೈತಾ?”

ಮತ್ತೆ ಕೂಗಿದೆ. ಕಾಲಡಿಯಲ್ಲಿ, ಬಹಳ ಕೆಳಗೆ, ಒಮ್ಮೆ ದಡ್ ಎಂದಿತು. ಬಿಂದಿಗೆಯ ನೀರಿನಲ್ಲಿ ಉಂಗುರಗಳು ಎದ್ದವು. ಹಳೆಯ ಸುರಂಗಗಳಲ್ಲಿ ಬಂಡೆ ಕುಸಿಯುತ್ತಿರುತ್ತದೆ ಎಂದು ಓದಿದ್ದೆ. ಅದೇ ಇರಬೇಕು. ಆದರೂ ತಂತಿಯಿಂದ ಕೈ ತೆಗೆದೆ.

“ಇದಾರೆ,” ಎಂದರು ಮುನಿಯಮ್ಮ, ಹಾಜರಿ ಹಾಕುವವರ ದನಿಯಲ್ಲಿ.

ಬದುಕಿರುವ ಗಿಡ: ಇಲ್ಲ ಎಂದು ಬರೆದೆ. ತಂದ ಬಿಲ್ಲೆ: ಇಲ್ಲ. ವರದಿಯ ಕೊನೆಗೆ, ಬೇರೆ ಮಣ್ಣು ತುಂಬಿಸಿ ಹೊಸ ಗಿಡ ನೆಡುವವರೆಗೆ ಮುನಿಯಮ್ಮನವರನ್ನು ಕೆಲಸದಿಂದ ತೆಗೆಯಬಾರದೆಂದು ಸೇರಿಸಿದೆ. ಕಂಪನಿ ಒಪ್ಪುತ್ತದೆಂಬ ಭರವಸೆ ಕೊಡಲಾರೆ ಎಂದೂ ಅವರಿಗೆ ತಿಳಿಸಿದೆ.

ಮಧ್ಯಾಹ್ನದ ರೈಲು ಹೊರಟಾಗ ಕಿಟಕಿಯಿಂದ ಆ ಇಳಿಜಾರು ಕಂಡಿತು. ನಾನು ಕೂಗಿದ್ದ ಜಾಗದಲ್ಲೇ ಮುನಿಯಮ್ಮ ಬಾಗಿ ನಿಂತಿದ್ದರು. ಅಷ್ಟೂ ಹೊತ್ತು ಒಂದೊಂದು ಕಡ್ಡಿಗೆ ಒಂದೊಂದು ಬೊಗಸೆಯಷ್ಟೇ ಹಾಕುತ್ತಿದ್ದವರು, ಆ ನೂರ ನಲವತ್ತೆರಡರ ಬುಡಕ್ಕೆ ಇಡೀ ಬಿಂದಿಗೆ ಬಗ್ಗಿಸಿದರು.